ಬಾಟ್ಲಿ ಮ್ಯಾಲೆ ಗ್ರಾಫೀನ್ ಅಂತ ಬರದೀವಿ, ಒಳಗ ಏನೈತಿ?

"ಸರ್, 26.5ಕ್ಕ ಮಸ್ತ್ ಶಾರ್ಪ್ ಪೀಕ್ ಬಂದೈತ್ರಿ, ಗ್ರಾಫೀನ್ ಆಗೇತಿ" ಅಂತ ಎಮ್ಮೆಸ್ಸಿ ಪ್ರಾಜೆಕ್ಟ್ ಮಾಡಾಕತ್ತಿರೋ ಹುಡುಗಿ ಒಬ್ಬಾಕಿ ಹೋದ ವಾರ ಧಾರವಾಡದಾಗ ನನ್ನ ಮುಂದ ಎಕ್ಸ್‌ರೇ ಟೆಸ್ಟಿನ ಗ್ರಾಫ್ ಇರೋ ಒಂದು ಪ್ರಿಂಟೌಟ್ ಹಿಡಿದ್ಲು. ಹಾವೇರಿ ಕಡೆಯಾಕಿ, ಭಾಳ ಶಾಣ್ಯಾಕಿ, ಮೂರು ತಿಂಗಳಿಂದ ಆಸಿಡ್ ವಾಸನ್ಯಾಗ ನಿಂತು ದುಡದಾಳ. ಅಕಿ ಮುಖದಾಗಿನ ಖುಷಿ ನೋಡಿ ನನಗ ತಕ್ಷಣ ಏನೂ ಹೇಳಾಕ ಬಾಯಿ ಬರಲಿಲ್ಲ. ಯಾಕಂದ್ರ ಆ ಪೀಕ್ ಗ್ರಾಫೈಟಿಂದು, ಗ್ರಾಫೀನ್ ಮಾಡಾಕ ಬಳಸೋ ಕಚ್ಚಾ ಮಾಲಿಂದು. ಮೊದಲ ದಿನ ಅಕಿ ಬೀಕರಿಗೆ ಹಾಕಿದ ಪುಡಿ ಒಳಗ ಒಂದಿಷ್ಟು ಹಂಗ ಕುಂತಿತ್ತು, ಅದು ಎಕ್ಸ್‌ರೇ ಬಿದ್ದ ಕೂಡ್ಲೇ ನಾ ಇಲ್ಲೇ ಅದೀನಿ ಅಂತ ಹೇಳಿತ್ತು.

ಅಕಿ ಒಬ್ಬಾಕಿನ್ನ ಅಂದು ಉಪಯೋಗಿಲ್ಲ. ಅಕಿ ಓದಿದ ನಾಕೈದು ಪೇಪರ್‌ನ್ಯಾಗ ಹಂಗ ಬರದಿದ್ರು, ಸೀನಿಯರ್‌ದ ಥೀಸಿಸ್‌ನ್ಯಾಗೂ ಹಂಗ ಇತ್ತು. ನಾ ಹತ್ತು ವರ್ಷದಿಂದ ಈ ಕರಿ ಪುಡಿ ಜೋಡಿನ ಬಾಳೇವು ಮಾಡೀನಿ, ಮೊದಲು ರಿಸರ್ಚ್ ಸ್ಕಾಲರ್ ಆಗಿ, ಈಗ ಹುಡುಗೂರಿಗೆ ಕಲಸೋ ಕೆಲಸದಾಗ. ಇಷ್ಟು ದಿನದಾಗ ನನಗ ಖಾತ್ರಿ ಆಗಿರೋದು ಏನಂದ್ರ ಗ್ರಾಫೀನ್ ಮಾಡೂದು ಸಣ್ಣ ಪಾಲು, ಮಾಡಿದ್ದು ಗ್ರಾಫೀನ್ ಹೌದೋ ಅಲ್ಲೋ ಅಂತ ತೋರ್ಸೂದು ದೊಡ್ಡ ಪಾಲು, ಮತ್ತ ಆ ದೊಡ್ಡ ಪಾಲನ್ನ ನಾವು ಅವಸರ ಮಾಡಿ ಒಂದು ಪೇಜಿನ್ಯಾಗ ಮುಗಸಿಬಿಡ್ತೀವಿ.

ಲ್ಯಾಬ್ ಹೊರಗೂ ಈ ಮಾತು ಬಂದೈತಿ ಈಗ. ಹುಬ್ಬಳ್ಳ್ಯಾಗ ಕಾರ್ ತೊಳೆಯೋ ದೊಡ್ಡ ಅಂಗಡಿಗೋಳು ಗ್ರಾಫೀನ್ ಕೋಟಿಂಗ್ ಅಂತ ಬೋರ್ಡ್ ಹಾಕ್ಯಾವು, ಎಲೆಕ್ಟ್ರಿಕ್ ಸ್ಕೂಟರ್ ಮಾರೋರು ಗ್ರಾಫೀನ್ ಬ್ಯಾಟರಿ ಅಂತಾರ, ಎಂಜಿನ್ ಆಯಿಲ್ ಡಬ್ಬಿ ಮ್ಯಾಲೂ ಅದ ಹೆಸರು. ನಮ್ಮ ಅಕ್ಕನ ಮಗ ವಿದ್ಯಾನಗರದಿಂದ ಫೋನ್ ಮಾಡಿ "ಮಾಮಾ, ನೀ ಇದರಾಗ ಓದೀಯಲ್ಲ, ಕಾರಿಗೆ ಗ್ರಾಫೀನ್ ಹೊಡಸ್ಲೇನು, ಬಿಡ್ಲೇನು" ಅಂತ ಕೇಳ್ದ. ಅವಂಗೆ ಏನು ಹೇಳಿದೆ ಅನ್ನೋದು ಆಮ್ಯಾಲೆ, ಮೊದಲು ಈ ವಸ್ತು ಏನು ಅನ್ನೋದು ಆಗಲಿ.

ಪೆನ್ಸಿಲ್ ಒಳಗಿನ ಕಡ್ಡಿಗೆ ನಾವು ಸೀಸ ಅಂತೀವಿ, ಅದರಾಗ ಸೀಸ ಇರಂಗಿಲ್ಲ, ಗ್ರಾಫೈಟ್ ಮತ್ತ ಮಣ್ಣು ಇರ್ತೈತಿ. ಗ್ರಾಫೈಟ್ ಅಂದ್ರ ಕಾರ್ಬನ್ ಪರಮಾಣುಗಳ ಪದರದ ಮ್ಯಾಲೆ ಪದರ. ಒಂದೊಂದು ಪದರದಾಗ ಪರಮಾಣುಗೋಳು ಜೇನಿನ ಹುಟ್ಟಿನಂಗ ಆರು ಮೂಲಿ ಮನಿ ಕಟ್ಕೊಂಡು ಕುಂತಾವು, ಪಕ್ಕದ ಪರಮಾಣುವಿಗೆ ದೂರ 0.142 ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಾಗ ಒಂದು ಪಾಲಿಗೆ ನ್ಯಾನೋಮೀಟರ್ ಅಂತಾರ), ಬಿಗಿ ಅಂದ್ರ ಬಿಗಿ. ಆದ್ರ ಮ್ಯಾಲಿನ ಪದರಕ್ಕೂ ಕೆಳಗಿನ ಪದರಕ್ಕೂ ನಡುವ 0.335 ನ್ಯಾನೋಮೀಟರ್ ಸಂದಿ, ಅಲ್ಲೆ ಹಿಡಿತ ಸಡ್ಲ. ಅದಕ್ಕ ಪೆನ್ಸಿಲ್ ಹಾಳಿ ಮ್ಯಾಲೆ ಎಳದ್ರ ಪದರ ಜಾರಿ ಅಂಟ್ಕೋತಾವು. ಒಂದು ಮಿಲಿಮೀಟರ್ ದಪ್ಪ ಗ್ರಾಫೈಟ್‌ನ್ಯಾಗ ಸುಮಾರು 30 ಲಕ್ಷ ಪದರ ಅದಾವ. ಅದರಾಗ ಒಂದ ಒಂದು ಪದರ ಬ್ಯಾರೆ ತೆಗೆದ್ರ ಅದು ಗ್ರಾಫೀನ್. ಎರಡು ಪದರ ಇದ್ರ ಬೈಲೇಯರ್, ಮೂರರಿಂದ ಹತ್ತು ಇದ್ರ ಫ್ಯೂ ಲೇಯರ್ ಗ್ರಾಫೀನ್ ಅಂತ ಜಾಗತಿಕ ಮಾನದಂಡ ಸಂಸ್ಥೆ ಐಎಸ್‌ಒ 2017ರಾಗ ಹೆಸರು ಪಕ್ಕಾ ಮಾಡೇತಿ. ಹತ್ತು ದಾಟಿದ ಮ್ಯಾಲೆ ಅದನ್ನ ತೆಳ್ಳನ ಗ್ರಾಫೈಟ್ ಅಂತ ಕರೀಬೇಕು.

ಈ ಒಂಟಿ ಪದರದಾಗ ಎಲೆಕ್ಟ್ರಾನ್ ಹೆಂಗ ಓಡಬಹುದು ಅಂತ ವ್ಯಾಲೇಸ್ ಅನ್ನೋರು 1947ರಾಗ ಕಾಗದದ ಮ್ಯಾಲೆ ಲೆಕ್ಕ ಹಾಕಿದ್ರು. ಕೈಗೆ ಸಿಗಾಕ 2004 ಬರಬೇಕಾತು. ಮ್ಯಾಂಚೆಸ್ಟರ್‌ನ್ಯಾಗ ಆಂದ್ರೆ ಗೀಮ್ ಮತ್ತ ಕಾನ್‌ಸ್ಟಾಂಟಿನ್ ನೊವೊಸೆಲೊವ್ ಗ್ರಾಫೈಟಿಗೆ ಸೆಲೋ ಟೇಪ್ ಹಚ್ಚಿ ಕಿತ್ತು, ಆ ಟೇಪ್ ಮಡಚಿ ಮತ್ತ ಕಿತ್ತು, ಹಿಂಗ ಮಾಡ್ಕೋತ ಹೋಗಿ ಕಡೀಕ ಒಂದು ಪದರಕ್ಕ ಬಂದ್ರು. 2010ರಾಗ ಫಿಸಿಕ್ಸ್ ನೊಬೆಲ್ ಬಂತು. ಎಲ್ಲಾರೂ ಟೇಪಿನ ಕಥಿ ಹೇಳ್ತಾರ, ಹೇಳ್ಲಿ, ಛಲೋ ಕಥಿನ. ನನಗ ಅದಕ್ಕಿಂತ ದೊಡ್ಡದು ಅನಸೋದು ಅವರು ಅದನ್ನ ಹುಡುಕಿದ ರೀತಿ. ಟೇಪನ್ನ ಸುಮಾರು 300 ನ್ಯಾನೋಮೀಟರ್ ಆಕ್ಸೈಡ್ ಇರೋ ಸಿಲಿಕಾನ್ ವೇಫರ್ ಮ್ಯಾಲೆ ಒತ್ತಿ ತೆಗೆದ್ರ, ಬೆಳಕಿನ ಆಟದಿಂದ ಒಂದು ಪದರ ಸೈತ ಸಾದಾ ಮೈಕ್ರೋಸ್ಕೋಪಿನ್ಯಾಗ ಕೆನ್ನೇರಳೆ ಹಿನ್ನೆಲಿ ಮ್ಯಾಲೆ ಸಣ್ಣ ಮಸುಕು ಕಲಿ ಹಂಗ ಕಾಣ್ತೈತಿ. ಆಕ್ಸೈಡಿನ ದಪ್ಪ ಬ್ಯಾರೆ ಆದ್ರ ಕಣ್ಣಿಗೆ ಬೀಳೂದ ಕಷ್ಟ. ಅಂಥಾ ಪದರ ಎಷ್ಟೋ ಮಂದಿ ಟೇಪಿನ ಮ್ಯಾಲೆ ಮೊದಲೂ ಬಂದು ಹೋಗಿರಬೇಕು, ನೋಡೋ ದಾರಿ ಗೊತ್ತಿರಲಿಲ್ಲ ಅಷ್ಟ. ಅಂದ್ರ ಮೊದಲ ದಿನದಿಂದನ ಇದು ಗುರ್ತು ಹಿಡಿಯೋ ವಿದ್ಯಾ.

ಟೇಪಿನಿಂದ ಬರೋ ತುಣಕು ಫಿಸಿಕ್ಸ್‌ನವರಿಗೆ ಸಾಕು, ಗ್ರಾಂ ಲೆಕ್ಕದಾಗ ಬೇಕಾದ್ರ ಆಗಂಗಿಲ್ಲ. ನಮ್ಮ ಭಾಗದ ಲ್ಯಾಬ್‌ಗಳು ಹೆಚ್ಚಾಗಿ ಹಿಡಿಯೋ ದಾರಿ ಹಮ್ಮರ್ಸ್ ಮೆಥಡ್, ಯಾಕಂದ್ರ ಅದಕ್ಕ ದೊಡ್ಡ ಮಶೀನ್ ಬೇಕಾಗಿಲ್ಲ, ಐಸು, ಆಸಿಡ್ಡು, ಸ್ಟರರ್ ಮತ್ತ ತಾಳ್ಮಿ ಇದ್ರ ಆತು. ಇದರ ಬೇರು ಭಾಳ ಹಳೇದು, 1859ರಾಗ ಬ್ರೋಡಿ ಅನ್ನೋ ಕೆಮಿಸ್ಟ್ ಗ್ರಾಫೈಟನ್ನ ಆಕ್ಸೈಡ್ ಮಾಡಿದ್ರು, 1898ರಾಗ ಸ್ಟೌಡೆನ್‌ಮೈರ್ ಅದನ್ನ ಸುಧಾರಿಸಿದ್ರು, 1958ರಾಗ ಹಮ್ಮರ್ಸ್ ಮತ್ತ ಆಫೆಮನ್ ಪೊಟ್ಯಾಶಿಯಂ ಪರ್ಮಾಂಗನೇಟ್ ಹಾಕೋ ರೆಸಿಪಿ ಕೊಟ್ರು. 2010ರಾಗ ಅಮೆರಿಕಾದ ಜೇಮ್ಸ್ ಟೂರ್ ಅವರ ತಂಡ ಸೋಡಿಯಂ ನೈಟ್ರೇಟ್ ತಗದು ಫಾಸ್ಫಾರಿಕ್ ಆಸಿಡ್ ಸೇರಿಸಿ, ವಿಷದ ನೈಟ್ರೋಜನ್ ಡಯಾಕ್ಸೈಡ್ ಗ್ಯಾಸ್ ಏಳಲಾರದಂಗ ಮಾಡಿದ್ರು. ಫ್ಯೂಮ್ ಹುಡ್ (ಕೆಟ್ಟ ಹೊಗಿ ಹೊರಗ ಎಳೆಯೋ ಗಾಜಿನ ಪೆಟಗಿ) ಸರಿ ಇರಲಾರದ ಲ್ಯಾಬ್‌ನ್ಯಾಗ ಇನ್ನೂ ಹಳೇ ನೈಟ್ರೇಟ್ ರೆಸಿಪಿನ ಹಿಡ್ಕೊಂಡು ಕುಂತಿರೋದು ನನಗ ಒಂಚೂರೂ ಸೇರಂಗಿಲ್ಲ.

ಕೆಲಸ ಹೆಂಗ ನಡೀತೈತಿ ಅಂದ್ರ, ಮೇ ತಿಂಗಳ ಬಿಸಲಾಗ ಮುಂಜಾನೆ ಎದ್ದು ಥರ್ಮಾಕೋಲ್ ಡಬ್ಬಿ ಹಿಡ್ಕೊಂಡು ಐಸ್ ತರಾಕ ಹೋಗಬೇಕು, ಅದನ್ನ ಕುಟ್ಟಿ ಉಪ್ಪು ಹಾಕಿ ಟಬ್ಬಿನ್ಯಾಗ ತುಂಬಿ, ನಡುವ ಬೀಕರ್ ಇಟ್ಟು, ಕಾನ್ಸಂಟ್ರೇಟೆಡ್ ಸಲ್ಫ್ಯೂರಿಕ್ ಆಸಿಡ್ ಒಳಗ ಗ್ರಾಫೈಟ್ ಪುಡಿ ತಿರುಗಾಕ ಬಿಟ್ಟು, ಆಮ್ಯಾಲೆ ಪರ್ಮಾಂಗನೇಟ್ ಹಾಕಾಕ ಶುರು. ಅಡಗಿಗೆ ಚಿಟಗಿ ಉಪ್ಪು ಉದುರಿಸಿದಂಗ ಸ್ಪ್ಯಾಚುಲಾ ತುದಿಲೇ ಸ್ವಲ್ಪ ಹಾಕಬೇಕು, ಥರ್ಮಾಮೀಟರ್ ನೋಡಬೇಕು, 20 ಡಿಗ್ರಿ ದಾಟಿದ್ರ ಕೈ ನಿಲ್ಲಸಬೇಕು. ಬೀಕರ್ ಒಳಗ ಹಸರು ಬಣ್ಣ ಏಳ್ತೈತಿ, ಆಲಿವ್ ಹಸರಿನಂಗ. ಅದು ಮಾಂಗನೀಸ್ ಹೆಪ್ಟಾಕ್ಸೈಡಿನ ಕೆಲಸ, ಗ್ರಾಫೈಟಿನ ಪದರದ ಸಂದಿಗೆ ಆಕ್ಸಿಜನ್ ತುರುಕೋ ಶಕ್ತಿ ಅದಕ್ಕೈತಿ, ಆದ್ರ 55 ಡಿಗ್ರಿ ದಾಟಿದ್ರ ಸಿಡಿಯೋ ಸ್ವಭಾವನೂ ಐತಿ. ನಾ ಸ್ಕಾಲರ್ ಇದ್ದಾಗ ನನ್ನ ಜೋಡಿದಾರ ಒಬ್ಬ ಬಸ್ ತಪ್ತೈತಿ ಅಂತ ಕಡೀ ಐದು ಗ್ರಾಂ ಒಮ್ಮೆಲೇ ಸುರುವಿದ. ಬೀಕರ್ ಬುಸ್ ಅಂತ ಉಕ್ಕಿ ಬಂತು, ನೇರಳೆ ಹೊಗಿ ಎದ್ದು ಹುಡ್ ಗ್ಲಾಸಿಗೆ ಬಡೀತು, ಗ್ಲಾಸ್ ಕೆಳಗ ಇಳಿಸಿದ್ದಕ್ಕ ಅವನ ಕಣ್ಣು ಉಳದ್ವು. ಅವತ್ತಿನಿಂದ ನಾ ಯಾರಿಗೂ ಗಾಗಲ್ ಇಲ್ಲದ ಆ ಟೇಬಲ್ ಮುಂದ ನಿಲ್ಲಾಕ ಬಿಟ್ಟಿಲ್ಲ.

ಆಮ್ಯಾಲೆ 35 ಡಿಗ್ರಿಗೆ ಇಟ್ರ ಅದು ಗಟ್ಟಿ ಆಗ್ತೈತಿ, ಸ್ಟರರ್ ಬೀಡ್ ತಿರುಗಂಗಿಲ್ಲ, ಹಿಟ್ಟು ಕಲಸಿದಂಗ ಗಾಜಿನ ರಾಡಿಲೇ ಕೈಯಾಡಸಬೇಕು. ನೀರು ಹನಿ ಹನಿಯಾಗಿ ಬಿಡಬೇಕು, ಬೀಕರ್ ಕುದಿಯೋ ಬಿಸಿಗೆ ಬರ್ತೈತಿ. ಕಡೀಕ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ಆ ಕಂದು ರಾಡಿ ಕಣ್ಣೆದುರಿಗೆ ಅರಿಶಿಣ ಬಣ್ಣಕ್ಕ ತಿರುಗ್ತೈತಿ. ಎಷ್ಟು ಸಲ ಮಾಡಿದ್ರೂ ಆ ಘಳಿಗಿಗೆ ಎದಿ ಅರಳ್ತೈತಿ. ಉಳದ ಪರ್ಮಾಂಗನೇಟು, ಮಾಂಗನೀಸ್ ಡಯಾಕ್ಸೈಡು ಎಲ್ಲಾ ಬಣ್ಣ ಇಲ್ಲದ ಮಾಂಗನೀಸ್ ಉಪ್ಪು ಆಗಿ ಕರಗಿ ಹೋದದ್ದರ ಗುರ್ತು ಅದು. ಪೆರಾಕ್ಸೈಡ್ ಹಾಕೂದಕ್ಕ ಮೊದಲು ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ತೊಳಿಯಾಕ ಹೋದ್ರ ಕ್ಲೋರಿನ್ ಗ್ಯಾಸ್ ಏಳ್ತೈತಿ, ಕ್ರಮ ತಪ್ಪಬಾರದು.

ಮತ್ತ ತೊಳಿಯೂದು. ಪೇಪರ್‌ನ್ಯಾಗ ಒಂದು ಸಾಲು ಬರೀತಾರ, ವಾಶ್ಡ್ ಟಿಲ್ ನ್ಯೂಟ್ರಲ್ ಅಂತ, ಆ ಒಂದು ಸಾಲಿನ ಒಳಗ ಒಂದು ವಾರ ಹೋಗ್ತೈತಿ. ಆಸಿಡ್ ಕಡಿಮಿ ಆದಂಗ ಗ್ರಾಫೈಟ್ ಆಕ್ಸೈಡ್ ನೀರು ಕುಡದು ಉಬ್ಬಿ ಜೆಲ್ಲಿ ಹಂಗ ಆಗ್ತೈತಿ, ಫಿಲ್ಟರ್ ಪೇಪರ್ ಮುಚ್ಚಿ ಹೋಗ್ತೈತಿ, ಜೋರಾಗಿ ತಿರುಗಿಸಿ ಗಸಿ ತಳಕ್ಕ ಕೂಡಸೋ ಸೆಂಟ್ರಿಫ್ಯೂಜ್ ಇಲ್ಲಾಂದ್ರ ಕುಂತು ಕಾಯೂದ. ಡಿಸ್ಟಿಲ್ಡ್ ವಾಟರ್ ಖಾಲಿ ಆತು ಅಂತ ನಳದ ನೀರು ಹಾಕ್ತಾರ ಒಂದೊಂದು ಕಡೆ, ಗಡಸು ನೀರಾಗಿನ ಕ್ಯಾಲ್ಸಿಯಂ ಮೆಗ್ನೀಶಿಯಂ ಆ ಹಾಳಿಗಳನ್ನ ಒಂದಕ್ಕೊಂದು ಅಂಟಿಸಿ ಕೆಳಗ ಕೂಡಸಿಬಿಡ್ತೈತಿ, ಬಿಡಿಸಾಕ ಪಟ್ಟ ಕಷ್ಟ ಎಲ್ಲಾ ನೀರಾಗ ಹೋಮ. ಸಲ್ಫೇಟ್ ಹೋತಾ ಇಲ್ಲಾ ಅಂತ ನೋಡಾಕ ತೊಳದ ನೀರಿಗೆ ಎರಡು ಹನಿ ಬೇರಿಯಂ ಕ್ಲೋರೈಡ್ ಹಾಕಿದ್ರ ಸಾಕು, ಬಿಳಿ ಗಸಿ ಬಂದ್ರ ಇನ್ನೂ ತೊಳೀಬೇಕು. ಇದು ಅಂದ ಚೆಂದದ ಮಾತಲ್ರಿ, ಪೊಟ್ಯಾಶಿಯಂ ಉಪ್ಪು ಉಳದ ಗ್ರಾಫೈಟ್ ಆಕ್ಸೈಡ್ ಒಣಗಿದ ಮ್ಯಾಲೆ ಬಿಸಿ ತಾಗಿದ್ರ ಭಕ್ ಅಂತ ಹತ್ತಿಕೊಳ್ಳೋ ಗುಣ ಐತಿ. ಓವನ್ 60 ಡಿಗ್ರಿ ಮ್ಯಾಲೆ ಏರಸಬ್ಯಾಡ್ರಿ ಅಂತ ನಾ ಬಡ್ಕೊಳ್ಳೋದು ಅದಕ್ಕ. ಮಳಿಗಾಲದಾಗ ಧಾರವಾಡದ ಜಿಟಿಜಿಟಿ ಹತ್ತಿದ್ರ ಒಣಗಿದ್ದು ಸೈತ ಗಾಳಿ ಒಳಗಿನ ನೀರು ಎಳ್ಕೋತೈತಿ, ಅದರಿಂದ ಪೀಕ್ ಸರಿತೈತಿ, ಬಾಟ್ಲಿ ತೇವ ಬರಲಾರದ ಡೆಸಿಕೇಟರ್ ಡಬ್ಬಿ ಒಳಗ ಇಡಬೇಕು.

ಇಷ್ಟೆಲ್ಲಾ ಆದ ಮ್ಯಾಲೆ ಸಿಕ್ಕಿದ್ದು ಏನು? ಗ್ರಾಫೈಟ್ ಆಕ್ಸೈಡ್. ನೀರಾಗ ಹಾಕಿ ಶಬ್ದದ ಅಲಿಲೇ ಅಲುಗಿಸೋ ಸಾನಿಕೇಟರ್‌ನ್ಯಾಗ ಬಿಡಿಸಿದ್ರ ಗ್ರಾಫೀನ್ ಆಕ್ಸೈಡ್, ಕಂದು ಬಣ್ಣದ ನೀರು, ಕರೆಂಟ್ ಹರಿಯಂಗಿಲ್ಲ. ಅದರ ಆಕ್ಸಿಜನ್ ತೆಗೆಯಾಕ ಹೈಡ್ರಜೀನ್, ವಿಟಮಿನ್ ಸಿ, ಇಲ್ಲಾ ಬಿಸಿ, ಯಾವುದರ ಒಂದು ಬಳಸ್ತಾರ, ನೀರು ಕರ್ರಗಾಗಿ ಮಸಿ ಹಂಗ ಪುಡಿ ಕೂಡ್ತೈತಿ. ಅದು ರಿಡ್ಯೂಸ್ಡ್ ಗ್ರಾಫೀನ್ ಆಕ್ಸೈಡ್, ಆರ್‌ಜಿಒ. ಆಕ್ಸಿಜನ್ ಪೂರ್ತಿ ಹೋಗಿರಂಗಿಲ್ಲ, ಹೋದ ಕಡೆ ಹಾಳ್ಯಾಗ ತೂತು ಬಿದ್ದಿರ್ತಾವು. ಟೇಪಿನಿಂದ ಬಂದ ಪದರ ಹೊಸಾ ಧೋತರ ಆದ್ರ ಇದು ತೊಟ್ಟು ಹರದು ಹೊಲದ ಧೋತರ. ಎರಡಕ್ಕೂ ಒಂದ ಹೆಸರು ಇಡೂದು ಸರಿ ಅಲ್ಲ ಅನ್ನೋದು ನನ್ನ ವಾದ. ತುಳಸಿ ರಸ, ಬೇವಿನ ಎಲಿ ರಸ ಹಾಕಿ ಗ್ರೀನ್ ರಿಡಕ್ಷನ್ ಅಂತ ಪೇಪರ್ ಭಾಳ ಬರಾಕತ್ತಾವು, ನಾ ಅದನ್ನ ಬ್ಯಾಡ ಅನ್ನಂಗಿಲ್ಲ, ಆದ್ರ ಎಲಿ ಒಳಗಿನ ಪದಾರ್ಥನೂ ಕಾರ್ಬನ್ನ, ಅದು ಪುಡಿಗೆ ಮೆತ್ಕೊಂಡ್ರ ನೀವು ಅಳೆಯಾಕತ್ತಿದ್ದು ಗ್ರಾಫೀನೋ ಬೇವಿನ ರಸಾನೋ ಅಂತ ಮೊದಲು ಕೇಳ್ಕೋಬೇಕು.

ಈಗ ಆ ಹುಡುಗಿ ಪ್ರಿಂಟೌಟಿಗೆ ಬರ್ತೀನಿ. ಎಕ್ಸ್‌ಆರ್‌ಡಿ ಮಶೀನ್ ಅಳೆಯೋದು ಪದರಗಳ ನಡುವಿನ ಅಂತರ. ತಾಮ್ರದ ಟ್ಯೂಬಿನ ಎಕ್ಸ್‌ರೇ ತರಂಗ 0.154 ನ್ಯಾನೋಮೀಟರ್, ಅದನ್ನ ಬ್ರ್ಯಾಗ್ ಸೂತ್ರಕ್ಕ ಹಾಕಿದ್ರ 0.335 ನ್ಯಾನೋಮೀಟರ್ ಸಂದಿ ಇರೋ ಗ್ರಾಫೈಟಿಗೆ ಪೀಕ್ 26.5 ಡಿಗ್ರಿ ಆಸುಪಾಸು ಬರ್ತೈತಿ. ಆಕ್ಸೈಡ್ ಆದಾಗ ಸಂದಿಯೊಳಗ ಆಕ್ಸಿಜನ್ನು, ನೀರು ಹೊಕ್ಕು ಅಂತರ ಸುಮಾರು 0.8 ನ್ಯಾನೋಮೀಟರ್ ಆಗ್ತೈತಿ, ಪೀಕ್ ಹಿಂದ ಸರದು 10-11 ಡಿಗ್ರಿಗೆ ಬರ್ತೈತಿ. ರಿಡ್ಯೂಸ್ ಮಾಡಿದ ಮ್ಯಾಲೆ ಅದು ಮಾಯ ಆಗಿ 24-25ರ ಹತ್ರ ಒಂದು ಅಗಲ ದಿಬ್ಬ ಏಳ್ತೈತಿ, ಶಾರ್ಪ್ ಇರಂಗಿಲ್ಲ. ಈಗ ಯೋಚನೆ ಮಾಡ್ರಿ, ಈ ಪೀಕ್ ಹುಟ್ಟೂದ ಒಂದರ ಮ್ಯಾಲೆ ಒಂದು ಪದರ ಸಾಲಾಗಿ ಕುಂತಿದ್ರ. ಖರೇನ ಒಂದ ಪದರ ಇದ್ರ ಮ್ಯಾಲಿಲ್ಲ ಕೆಳಗಿಲ್ಲ, ಅಂತರ ಅನ್ನೋದ ಇಲ್ಲ, ಆ ಪೀಕ್ ಬರಾಕ ಕಾರಣನ ಇಲ್ಲ. ಹಂಗಿದ್ಮ್ಯಾಲೆ 26.5ರ ಶಾರ್ಪ್ ಪೀಕ್ ತೋರ್ಸಿ ಗ್ರಾಫೀನ್ ಕನ್ಫರ್ಮ್ಡ್ ಅಂತ ಬರೀತೀವಲ್ಲ, ಅದು ತಲಿಕೆಳಗಾದ ಮಾತು. ಪೀಕ್ ಎಷ್ಟು ಚೂಪೋ ಅಷ್ಟು ಪದರ ಜಾಸ್ತಿ.

ಅಕಿ ಜೋಡಿ ಕುಂತು ಪೀಕಿನ ಅಗಲದಿಂದ ದಪ್ಪ ಹೇಳೋ ಶೆರರ್ ಸೂತ್ರ ಹಾಕಿ ಲೆಕ್ಕ ಮಾಡಿದ್ವಿ. ಅಕಿ ಗ್ರಾಫ್‌ನ್ಯಾಗ 24ರ ಹತ್ರ ಇನ್ನೊಂದು ದಿಬ್ಬನೂ ಇತ್ತು, ಅಕಿ ಅದನ್ನ ನಾಯ್ಸ್ ಅಂತ ಬಿಟ್ಟಿದ್ಲು. ಅದರ ಅರ್ಧ ಎತ್ತರದಾಗಿನ ಅಗಲ ಐದೂವರೆ ಡಿಗ್ರಿ ಅಂತ ತಗೊಂಡ್ರ ದಪ್ಪ ಸುಮಾರು 1.5 ನ್ಯಾನೋಮೀಟರ್ ಬರ್ತೈತಿ, ಒಂದೊಂದು ಸಂದಿ 0.37 ಅಂತ ಹಿಡದ್ರ ನಾಕೈದು ಪದರ. ಅಂದ್ರ ಅಕಿ ಮಾಡಿದ್ದ ಖರೇ ಮಾಲು ಆ ದಿಬ್ಬದಾಗ ಇತ್ತು, ಅಕಿ ಹೆಮ್ಮಿಲೇ ತೋರ್ಸಿದ ಪೀಕು ಅದರಾಗ ಉಳದ ಕಚ್ಚಾ ಗ್ರಾಫೈಟು. ಕೈಯಾಗಿನ ಬಂಗಾರ ಬಿಟ್ಟು ಕಲ್ಲು ತೋರ್ಸೋದನ್ನ ಮಕ್ಕಳಿಗೆ ಕಲಿಸಿದವರು ನಾವು ದೊಡ್ಡವರು, ನನಗ ಅವತ್ತು ಭಾಳ ಕೆಟ್ಟ ಅನಸ್ತು.

ಎಕ್ಸ್‌ಆರ್‌ಡಿಗಿಂತ ಖಡಕ್ ಸಾಕ್ಷಿ ಅಂದ್ರ ರಾಮನ್ ಟೆಸ್ಟ್. ಸಂತ್ಯಾಗ ಗಡಗಿ ಕೊಳ್ಳೋ ಮುಂದ ಹೆಣಮಕ್ಕಳು ಬೆರಳಿಲೇ ಬಡದು ಕಿವಿಗೊಟ್ಟು ಕೇಳ್ತಾರಲ್ಲ, ಸೀಳು ಇದ್ರ ಬ್ಯಾರೆ ಸಪ್ಪಳ, ಗಟ್ಟಿ ಇದ್ರ ಬ್ಯಾರೆ ಸಪ್ಪಳ, ಈ ಮಶೀನ್ ಮಾಡೂದೂ ಹಂಥಾದ್ದ. ಲೇಸರ್ ಬಿಟ್ಟು ಪರಮಾಣುಗಳ ನಡುಗಾಟ ಕೇಳ್ತೈತಿ. ಅದರ ಗ್ರಾಫಿನ್ಯಾಗ 1580ರ (ಒಂದು ಸೆಂಟಿಮೀಟರಿಗೆ ಎಷ್ಟು ಅಲಿ ಅನ್ನೋ ಲೆಕ್ಕ) ಹತ್ರ ಜಿ ಪೀಕ್, ಅದು ಷಟ್ಕೋನದ ಕಾರ್ಬನ್ ಇದ್ದಲ್ಲೆಲ್ಲಾ ಬರ್ತೈತಿ, ಗ್ರಾಫೈಟಿಗೂ ಬರ್ತೈತಿ. 1350ರ ಹತ್ರ ಡಿ ಪೀಕ್, ಹಾಳ್ಯಾಗ ತೂತು, ಅಂಚು, ಸೊಟ್ಟ ಇದ್ದಾಗ ಅಷ್ಟ ಏಳ್ತೈತಿ, ಸೀಳಿನ ಸಪ್ಪಳ ಅಂದ್ರ ಇದ. 2700ರ ಹತ್ರ ಟೂಡಿ ಪೀಕ್, ಪದರ ಎಷ್ಟು ಅಂತ ಹೇಳೋದು ಇದು. ಒಂದ ಪದರ ಇದ್ರ ಟೂಡಿ ಒಂಟಿ, ತೆಳ್ಳಗ, ಜಿಗಿಂತ ಎರಡು ಪಟ್ಟೋ ಜಾಸ್ತಿನೋ ಎತ್ತರ ನಿಲ್ತೈತಿ. ಪದರ ಏರಿದಂಗ ಅದು ಅಗಲ ಆಗಿ, ಹೆಗಲು ಮೂಡಿ, ಗಿಡ್ಡ ಆಗ್ತೈತಿ. ಫೆರಾರಿ ಮತ್ತ ಅವರ ಜೋಡಿದಾರರು 2006ರಾಗ ಇದನ್ನ ತೋರ್ಸಿದ ಮ್ಯಾಲೆ ಜಗತ್ತಿನ ಲ್ಯಾಬ್‌ಗಳೆಲ್ಲಾ ಇದನ್ನ ಗುರ್ತಿನ ಚೀಟಿ ಮಾಡ್ಕೊಂಡಾವು.

ನಮ್ಮ ಆರ್‌ಜಿಒಗೆ ಏನು ಬರ್ತೈತಿ? ಎರಡು ಗುಡ್ಡ, ಡಿ ಮತ್ತ ಜಿ, ಹೆಚ್ಚು ಕಡಿಮಿ ಸಮ ಸಮ, ಟೂಡಿ ಜಾಗದಾಗ ಒಂದು ಸಪ್ಪನ ಉಬ್ಬು. ಇದನ್ನ ನೋಡಿ ಡಿ-ಜಿ ಅನುಪಾತ 0.9ರಿಂದ 1.1ಕ್ಕ ಏರೇತಿ, ಅದಕ್ಕ ಗ್ರಾಫೀನ್ ಆತು ಅಂತ ಬರೀತಾರ. ನಿಂತು ಕೇಳ್ರಿ, ಡಿ ಅಂದ್ರ ದೋಷ, ಆಕ್ಸಿಜನ್ ತೆಗೆದು ಸುಧಾರಿಸಿದ ಮ್ಯಾಲೆ ದೋಷ ಇಳೀಬೇಕು, ಏರಿದ್ದು ಯಾಕ? ರಿಡಕ್ಷನ್ ಆದಾಗ ಹೊಸದಾಗಿ ಸಣ್ಣ ಸಣ್ಣ ಷಟ್ಕೋನದ ತುಣಕು ಭಾಳ ಹುಟ್ಟತಾವು, ತುಣಕು ಹೆಚ್ಚಾದಂಗ ಅಂಚೂ ಹೆಚ್ಚಾಗ್ತಾವು, ಅದಕ್ಕ ಡಿ ಏರ್ತೈತಿ ಅನ್ನೋದು ಸಾಮಾನ್ಯ ವಿವರಣಿ. ಆದ್ರ ಅದ ಅನುಪಾತ ಹಾಳಿ ಮತ್ತಷ್ಟು ಹರದಾಗಲೂ ಏರಬಹುದು, ಭಾಳ ಹರದು ಹೋದ್ರ ತಿರುಗಿ ಇಳೀಬಹುದು. ಅಂದ್ರ ಆ ಒಂದು ನಂಬರ್ ಮ್ಯಾಲೆ ತೀರ್ಪು ಕೊಡಾಕ ಬರಂಗಿಲ್ಲ, ಪೀಕಿನ ಅಗಲ, ಟೂಡಿ ಆಕಾರ, ಕರೆಂಟ್ ಎಷ್ಟು ಹರಿತೈತಿ ಅನ್ನೋದು, ಎಲ್ಲಾ ಕೂಡಿಸಿ ನೋಡಬೇಕು. ವೈವಾದಾಗ ಈ ಪ್ರಶ್ನಿ ಕೇಳಿದ್ರ ಎಷ್ಟು ಮಂದಿ ಉತ್ತರ ಕೊಡ್ತಾರ ಅಂತ ಗೈಡ್‌ಗೋಳು ಒಮ್ಮೆ ನೋಡಬೇಕು.

ಇಲ್ಲೆ ಒಂದು ಸಂಕಟ ಹೇಳ್ತೀನಿ. ಫೆಬ್ರವರಿ 28 ಬಂತಂದ್ರ ನಮ್ಮ ಹುಬ್ಬಳ್ಳಿ ಧಾರವಾಡ ಗದಗದ ಕಾಲೇಜಿನ್ಯಾಗ ವಿಜ್ಞಾನ ದಿನ ಮಾಡ್ತೀವಿ, 1928ರಾಗ ಸಿ. ವಿ. ರಾಮನ್ ತಮ್ಮ ಪರಿಣಾಮ ಕಂಡು ಹಿಡದ ದಿನ ಅದು. ಪೂಜಿ ಆಗ್ತೈತಿ, ಭಾಷಣ ಆಗ್ತೈತಿ. ಎಮ್ಮೆಸ್ಸಿ ಮುಗಿಸಿ ಹೋಗೋ ಎಷ್ಟೋ ಹುಡುಗೂರು ರಾಮನ್ ಮಶೀನ್ ಮುಂದ ಒಂದ್ಸಲನೂ ಕುಂತಿರಂಗಿಲ್ಲ, ಸ್ಯಾಂಪಲ್ ಚೀಟಿ ಹಚ್ಚಿ ಕಳಿಸಿ ಪಿಡಿಎಫ್ ಬರೂದು ಕಾಯ್ತಾರ. ಧಾರವಾಡದಾಗ ಕರ್ನಾಟಕ ಯೂನಿವರ್ಸಿಟಿಯ ಮಶೀನ್ ಕೇಂದ್ರ ಯೂಸಿಕ್ ಐತಿ, 2016ರಿಂದ ಐಐಟಿ ಬಂದೈತಿ, ಹುಬ್ಬಳ್ಳ್ಯಾಗ ಬಿವಿಬಿ ಕ್ಯಾಂಪಸ್ ಐತಿ, ದೂರ ಇಲ್ಲ, ಚಿಗರಿ ಬಸ್ ಹತ್ತಿದ್ರ ತಾಸಿನ ಒಳಗ ಎರಡೂ ಊರು ಮುಟ್ಟಬಹುದು. ಸರ್ಕಾರದ ಐ-ಸ್ಟೆಮ್ ಪೋರ್ಟಲ್‌ನ್ಯಾಗ ಯಾವ ಮಶೀನ್ ಯಾವ ಊರಾಗ ಐತಿ ಅಂತ ಹುಡುಕಿ ಸ್ಲಾಟ್ ಬುಕ್ ಮಾಡಾಕ ಬರ್ತೈತಿ. ಮಶೀನ್ ನಡಸೋರ ಹತ್ರ ಹೋಗಿ ಅರ್ಧ ದಿನ ನಿಲ್ಲಾಕ ಬಿಡ್ರಿ ಅಂತ ಕೇಳಿದ್ರ ಇಲ್ಲ ಅನ್ನೋರನ್ನ ನಾ ಕಂಡಿದ್ದು ಕಡಿಮಿ. ಲೇಸರ್ ಪವರ್ ಜಾಸ್ತಿ ಇಟ್ರ ಗ್ರಾಫೀನ್ ಆಕ್ಸೈಡ್ ಅಲ್ಲೇ ಸುಟ್ಟು ಪೀಕ್ ಬದಲಾಗ್ತೈತಿ, ಇಂಥಾವು ಪಿಡಿಎಫ್ ಹೇಳಂಗಿಲ್ಲ, ಅಲ್ಲೆ ನಿಂತಾಗ ಅಷ್ಟ ತಿಳೀತೈತಿ.

ಉಳದ ಟೆಸ್ಟ್‌ಗಳನ್ನ ಲಗೂನ ಹೇಳಿ ಮುಗಸ್ತೀನಿ. ಯಾವ ಬೆಳಕು ಹೀರ್ತೈತಿ ಅಂತ ನೋಡೋ ಯುವಿ-ವಿಸಿಬಲ್ ಅಗ್ಗದ್ದು, ಎಲ್ಲಾ ಕಾಲೇಜಿನ್ಯಾಗೂ ಇರ್ತೈತಿ, ಗ್ರಾಫೀನ್ ಆಕ್ಸೈಡಿನ 230 ನ್ಯಾನೋಮೀಟರ್ ಪೀಕ್ ರಿಡಕ್ಷನ್ ಆದಂಗ 270ರ ಕಡೆ ಸರೀತೈತಿ, ಕೆಲಸ ಮುಂದ ಹೊಂಟೈತೋ ಇಲ್ಲೋ ಅಂತ ತಾಸಿಗೊಮ್ಮೆ ನೋಡಾಕ ಛಲೋ. ಇನ್‌ಫ್ರಾರೆಡ್ ಬೆಳಕಿನ ಟೆಸ್ಟ್ ಎಫ್‌ಟಿಐಆರ್‌ನ್ಯಾಗ 1730ರ ಹತ್ರದ ಕಾರ್ಬೊನಿಲ್ (ಕಾರ್ಬನ್-ಆಕ್ಸಿಜನ್ ಜೋಡಿ) ಪೀಕ್ ಕುಗ್ಗಿತಾ ಅಂತ ನೋಡ್ತಾರ. ಎಎಫ್‌ಎಮ್ ಸೂಜಿಲೇ ಎತ್ತರ ಅಳೀತೈತಿ, ಗ್ರಾಫೀನ್ ಆಕ್ಸೈಡಿನ ಒಂದು ಹಾಳಿ ಸುಮಾರು 1 ನ್ಯಾನೋಮೀಟರ್ ತೋರಸ್ತೈತಿ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಟಿಇಎಮ್ ಫೋಟೋ ಎಲ್ಲಾರಿಗೂ ಬೇಕು, ರೇಷ್ಮಿ ಸೆರಗಿನಂಗ ಮಡಚಿದ ಚಿತ್ರ ಥೀಸಿಸ್ ಕವರಿಗೆ ಛಂದ ಕಾಣ್ತೈತಿ, ಆದ್ರ ಅದು ಪುಡಿ ಒಳಗ ಕಣ್ಣಿಗೆ ಕಾಣಲಾರದಷ್ಟು ಸಣ್ಣ ತುಣಕಿನ ಫೋಟೋ, ಅದೂ ತೆಳ್ಳಗಿದ್ದದ್ದನ್ನ ಹುಡುಕಿ ತಗದದ್ದು. ಒಂದು ಕಾಳು ತೋರ್ಸಿ ಚೀಲ ಮಾರಿದಂಗ. ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ಕೊಳ್ಳೋರು ಚೀಲದಾಗ ಕೈ ಹಾಕಿ ತಳದಿಂದ ತಗದು ನೋಡ್ತಾರ, ಅದ ರೀತಿ ಎಷ್ಟೋ ತುಣಕು ಅಳದು ಇಷ್ಟರಾಗ ಇಷ್ಟು ಅಂತ ಹೇಳಬೇಕು.

ಹಂಗ ತಳದಿಂದ ತಗದು ನೋಡಿದ ಕೆಲಸ ಒಂದು ಆಗೇತಿ. ಸಿಂಗಾಪುರದ ನ್ಯಾಷನಲ್ ಯೂನಿವರ್ಸಿಟಿಯವರು ಬ್ಯಾರೆ ಬ್ಯಾರೆ ದೇಶದ 60 ಕಂಪನಿಗಳ ಗ್ರಾಫೀನ್ ತರಿಸಿ ಪರೀಕ್ಷಾ ಮಾಡಿ 2018ರಾಗ ಪ್ರಕಟ ಮಾಡಿದ್ರು. ಹೆಚ್ಚಿನ ಕಂಪನಿಗಳ ಮಾಲಿನ್ಯಾಗ ಹತ್ತು ಪದರದ ಒಳಗಿನ ಗ್ರಾಫೀನ್ ನೂರಕ್ಕ ಹತ್ತರಷ್ಟೂ ಇರಲಿಲ್ಲ, ಐವತ್ತು ದಾಟಿದ್ದು ಒಂದೂ ಇಲ್ಲ. ಉಳದದ್ದು ಬರೇ ಗ್ರಾಫೈಟ್ ಪುಡಿ. ಇದರ ಪೆಟ್ಟು ಎಲ್ಲಿ ಬೀಳ್ತೈತಿ ಅಂದ್ರ, ಒಬ್ಬ ವಿದ್ಯಾರ್ಥಿ ಆ ಪುಡಿ ತಂದು ಕರೆಂಟ್ ಕೂಡಿಡೋ ಸೂಪರ್ ಕೆಪ್ಯಾಸಿಟರ್ ಮಾಡಿ ಕೆಲಸ ಆಗಲಿಲ್ಲ ಅಂತ ಎರಡು ವರ್ಷ ತಲಿ ಬಡ್ಕೋತಾನ, ಗ್ರಾಫೀನ್ ಉಪಯೋಗಿಲ್ಲ ಅಂತ ತೀರ್ಮಾನಕ್ಕ ಬರ್ತಾನ, ಅವ ಗ್ರಾಫೀನ್ ಮುಟ್ಟೇ ಇರಂಗಿಲ್ಲ. 2021ರಾಗ ಐಎಸ್‌ಒ ಪುಡಿ ರೂಪದ ಗ್ರಾಫೀನ್ ಹೆಂಗ ಅಳೀಬೇಕು ಅಂತ ಪದ್ಧತಿ ಹೊರಡಿಸೇತಿ, ಕೊಳ್ಳೋರು ಅದನ್ನ ಕೇಳಾಕ ಶುರು ಮಾಡಬೇಕು.

ಖರೇ ಒಂದು ಪದರದ್ದು ದೊಡ್ಡ ಹಾಳಿ ಬೇಕಾದ್ರ ಗ್ಯಾಸಿನಿಂದ ಪದರ ಬೆಳೆಸೋ ಸಿವಿಡಿ ದಾರಿ. ತಾಮ್ರದ ಹಾಳಿಯನ್ನ 1000 ಡಿಗ್ರಿ ಆಸುಪಾಸು ಕಾಯಿಸಿ ಮೀಥೇನ್ ಬಿಡ್ತಾರ, ಕಾರ್ಬನ್ ತಾಮ್ರದಾಗ ಕರಗಂಗಿಲ್ಲ, ಮ್ಯಾಲೇ ಕೂಡ್ತೈತಿ, ಒಂದು ಪದರ ಮುಚ್ಚಿದ ಮ್ಯಾಲೆ ಮೀಥೇನಿಗೆ ತಾಮ್ರ ಸಿಗಂಗಿಲ್ಲ, ಬೆಳವಣಿಗಿ ತಾನಾಗೇ ನಿಲ್ತೈತಿ. 2009ರಾಗ ಟೆಕ್ಸಾಸ್‌ನ್ಯಾಗ ರೋಡ್ನಿ ರುವಾಫ್ ತಂಡ ಇದನ್ನ ಮಾಡಿ ತೋರ್ಸಿತು. ಆಮ್ಯಾಲೆ ತಾಮ್ರ ಕರಗಿಸಿ ಆ ಹಾಳಿಯನ್ನ ನೀರ ಮ್ಯಾಲೆ ತೇಲಿಸಿ ವೇಫರಿಗೆ ಎತ್ತಬೇಕು, ಅಲ್ಲೆ ಸುಕ್ಕು ಬೀಳ್ತೈತಿ, ಹರೀತೈತಿ. ಹೈಡ್ರೋಜನ್ ಸಿಲಿಂಡರು, ಕ್ವಾರ್ಟ್ಜ್ ಟ್ಯೂಬಿನ ಫರ್ನೇಸು, ಗ್ಯಾಸ್ ಅಲಾರಂ ಎಲ್ಲಾ ಬೇಕು, ನಮ್ಮ ಸಣ್ಣ ಕಾಲೇಜಿಗೆ ಅದು ಆಗೋ ಮಾತಲ್ಲ, ಬೆಂಗಳೂರಿನ ಐಐಎಸ್‌ಸಿ ಅಂಥಾ ಕಡೆ ಹೊರಗಿನ ಹುಡುಗೂರಿಗೂ ಟ್ರೇನಿಂಗ್ ಕೊಡ್ತಾರ, ಹೋಗಿ ಕಲತು ಬರಬೇಕು.

ಹಂಗಂತ ಆರ್‌ಜಿಒ ಕೀಳು ಅನ್ಕೋಬ್ಯಾಡ್ರಿ. ಸೆನ್ಸರಿಗೆ, ಸೂಪರ್ ಕೆಪ್ಯಾಸಿಟರಿಗೆ, ನೀರಿನ ಒಳಗಿನ ಬಣ್ಣ ಹೀರಾಕ ತೂತು ಇರೋ ಹಾಳಿನ ಉಪಯೋಗ, ಆ ತೂತಿನ ಅಂಚಿಗೇ ಬ್ಯಾರೆ ಅಣು ಬಂದು ಹಿಡ್ಕೋತಾವು. ಗಂಟು ಇರೋದು ಹೆಸರಿನ್ಯಾಗ. ಒಂದು ಟೇರಾಪಾಸ್ಕಲ್ ಗಟ್ಟಿತನ, ವೋಲ್ಟ್-ಸೆಕೆಂಡಿಗೆ 2 ಲಕ್ಷ ಚದರ ಸೆಂಟಿಮೀಟರ್ ಎಲೆಕ್ಟ್ರಾನ್ ಮೊಬಿಲಿಟಿ (ಎಲೆಕ್ಟ್ರಾನ್ ಎಷ್ಟು ಸರಾಗ ಓಡ್ತೈತಿ ಅನ್ನೋದು), ಗ್ರಾಂಗೆ 2630 ಚದರ ಮೀಟರ್ ಮೈ, ಇವೆಲ್ಲಾ ಒಂಟಿ ಶುದ್ಧ ಪದರದ ಮಾತು, ಮೊಬಿಲಿಟಿ ನಂಬರ್ ಅಂತೂ ಕೆಳಗ ಏನೂ ತಾಗಲಾರದಂಗ ತೂಗ ಹಾಕಿ ಅಳದದ್ದು. ನಮ್ಮ ಥೀಸಿಸ್ ಮೊದಲ ಪೇಜಿನ್ಯಾಗ ಈ ನಂಬರ್ ಬರದು ಮೂರನೇ ಚಾಪ್ಟರ್‌ನ್ಯಾಗ ಆರ್‌ಜಿಒ ಮಾಡಿದ್ರ ಓದೋರಿಗೆ ಎರಡೂ ಒಂದ ಅನಸ್ತೈತಿ. ಅಂಗಡಿ ಬೋರ್ಡಿನವರು ಮಾಡೂದೂ ಇದನ್ನ.

ಅಕ್ಕನ ಮಗಗ ನಾ ಹೇಳಿದ್ದು ಇಷ್ಟ. "ಡಬ್ಬಿ ಮ್ಯಾಲೆ ಗ್ರಾಫೀನ್ ಎಷ್ಟು ಪರ್ಸೆಂಟ್, ಆಕ್ಸೈಡೋ ರಿಡ್ಯೂಸ್ಡೋ ಅಂತ ಬರದಾರೇನು ನೋಡು. ಬರದಿಲ್ಲ ಅಂದ್ರ ಅದನ್ನ ಸಾದಾ ಕೋಟಿಂಗ್ ಅಂತ ತಿಳಕೊಂಡು ಅದರ ರೇಟ್ ಅಷ್ಟ ಕೊಡು." ಬ್ಯಾಟರಿಗೂ ಅದ ಮಾತು, ಸ್ಕೂಟರಿಗೆ ಗ್ರಾಫೀನ್ ಬ್ಯಾಟರಿ ಅಂತ ಬರೋದರಾಗ ಕೆಲವು ಒಳಗ ಲೆಡ್ ಆಸಿಡ್ಡೇ, ಪ್ಲೇಟಿಗೆ ಕಾರ್ಬನ್ ಪುಡಿ ಸೇರಿಸಿರ್ತಾರ. ಕಾರ್ಬನ್ ಹಾಕಿದ್ರ ಪ್ಲೇಟಿಗೆ ಸಲ್ಫೇಟ್ ಕೂಡೂದು ಕಡಿಮಿ ಆಗ್ತೈತಿ, ಆ ಲಾಭ ಖರೇ, ಅದಕ್ಕ ಲೆಡ್ ಆಸಿಡ್ ಬ್ಯಾಟರಿ ಅಂತನ ಕೇಳಿ, ಲೆಡ್ ಆಸಿಡ್ ಗ್ಯಾರಂಟಿ ನೋಡಿ ತಗೋಬೇಕು.

ಹುಡುಗಿ ಆ ದಿನ ಮಧ್ಯಾಹ್ನ ಸುಮ್ಮನ ಲ್ಯಾಬಿಗೆ ಹೋದ್ಲು. ಸಂಜಿಮುಂದ ನೋಡಿದ್ರ ಸೆಂಟ್ರಿಫ್ಯೂಜ್ ತಿರುಗಾಕತ್ತಿತ್ತು, ಕಡಿಮಿ ಸ್ಪೀಡಿಗೆ ಇಟ್ಟು ತಳಕ್ಕ ಕುಂತ ದಪ್ಪ ಗ್ರಾಫೈಟ್ ತಗದು ಮ್ಯಾಲಿನ ಕಂದು ನೀರನ್ನ ಬ್ಯಾರೆ ಟ್ಯೂಬಿಗೆ ಬಸಿಯಾಕತ್ತಿದ್ಲು. ಹಳೇ ಬಾಟ್ಲಿ ಮ್ಯಾಲಿನ ಗ್ರಾಫೀನ್ ಅನ್ನೋ ಚೀಟಿ ಕಿತ್ತು ಮಾರ್ಕರಿಲೇ ಆರ್‌ಜಿಒ, ಗ್ರಾಫೈಟ್ ಕೂಡೇತಿ, ತಾರೀಕು ಇಷ್ಟು ಅಂತ ಬರದಿದ್ಲು. "ಸರ್, ರಾಮನ್ ಸ್ಲಾಟ್ ಬರೋ ಮಂಗಳವಾರ ಸಿಕ್ಕೈತ್ರಿ, ನಾನ ಹೋಗಿ ಕುಂದ್ರಲೇನ್ರಿ?" ಅಂದ್ಲು. ಹೋಗವ್ವಾ, ಲೇಸರ್ ಪವರ್ ಕಡಿಮಿ ಇಡಾಕ ಹೇಳು ಅಂದೆ.